ರಸೀದಿಯ ಬೆನ್ನ ಮೇಲಿನ ಸಣ್ಣ ಅಕ್ಷರ

ಸೀಟು ಸಿಕ್ಕಿತು, ಫೀಸು ಕಟ್ಟಿದ್ದಾಯಿತು ಎನ್ನುವಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಗಡಿಬಿಡಿ ಶುರುವಾಗುತ್ತದೆ. ಹಾಸ್ಟೆಲ್ಲಿಗೆ ಹೊರಟ ಮಗನದೋ ಮಗಳದೋ ಟ್ರಂಕು, ಹಾಸಿಗೆ, ಪುಸ್ತಕ, ಸೈಕಲ್ಲು, ಈಗೀಗ ಕಂಪ್ಯೂಟರು, ಎಲ್ಲವೂ ಊರಿಂದೂರಿಗೆ ಹೋಗಬೇಕು. ಬಸ್ಸಿನಲ್ಲಿ ಒಯ್ಯಲಾಗದ್ದು ಲಾರಿ ಪಾರ್ಸೆಲ್ ಕಛೇರಿಗೆ ಹೋಗುತ್ತದೆ. ಅಲ್ಲಿನ ಗುಮಾಸ್ತ, "ಒಳಗೇನಿದೆ? ಬೆಲೆ ಎಷ್ಟು?" ಎಂದು ಕೇಳುತ್ತಾನೆ. "ಮನೆ ಸಾಮಾನು, ಏನೋ ಒಂದು ಬರ್ಕೊಳ್ಳಿ" ಎನ್ನುವವರೇ ಹೆಚ್ಚು. ಅವನು 500 ರೂಪಾಯಿ ಎಂದು ಬರೆದು ರಸೀದಿ ಹರಿದು ಕೊಡುತ್ತಾನೆ. ಅದು ಮಡಚಿಕೊಂಡು ಜೇಬು ಸೇರುತ್ತದೆ.

ಅಷ್ಟು ಹೊತ್ತಿಗೆ ಒಂದು ಕರಾರು ಆಗಿಹೋಗಿರುತ್ತದೆ. ಮನೆ ಬಾಡಿಗೆಗೆ ಹಿಡಿಯುವಾಗ ಹತ್ತು ಸಲ ಪತ್ರ ಓದುವ ನಾವು, ಮನೆಯೊಳಗಿನ ವಸ್ತುಗಳನ್ನು ಅಪರಿಚಿತರ ಕೈಗೆ ಒಪ್ಪಿಸುವಾಗ ಒಂದು ಸಾಲನ್ನೂ ಓದುವುದಿಲ್ಲ. ದಾರಿಯಲ್ಲಿ ಸಾಮಾನು ಕಳೆದರೆ, ಒಡೆದರೆ, ಸುಟ್ಟರೆ ಯಾರು ಎಷ್ಟು ಕೊಡಬೇಕು ಎಂಬುದನ್ನು ನಿರ್ಧರಿಸುವುದು ಆ ಚೀಟಿಯೇ. ಅದರಲ್ಲೂ ಗುಮಾಸ್ತ ಕೇಳಿದ ಎರಡನೆಯ ಪ್ರಶ್ನೆಗೆ ನಾವು ಕೊಟ್ಟ ಉತ್ತರ.

ಹಳೆಯ ನಿಯಮ

ಬಾಡಿಗೆ ಪಡೆದು ಯಾರ ಸರಕನ್ನಾದರೂ ಸಾಗಿಸುವುದನ್ನೇ ಕಸುಬು ಮಾಡಿಕೊಂಡವನನ್ನು ಕಾನೂನು 'ಸಾರ್ವಜನಿಕ ಸಾಗಣೆದಾರ' ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಹಿಂದಿನಿಂದಲೂ ಇವನ ಮೇಲೆ ಭಾರೀ ಹೊಣೆ. 1785ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರ ಮುಂದೆ ಒಂದು ದಾವೆ ಬಂದಿತ್ತು. ಬಿಯರ್ ತಯಾರಿಕೆಗೆ ಬಳಸುವ ಹಾಪ್ಸ್ ಮೂಟೆಗಳು ಸಾಗಣೆದಾರನ ವಶದಲ್ಲಿದ್ದಾಗ ಬೆಂಕಿಗೆ ಆಹುತಿಯಾಗಿದ್ದವು. ಬೆಂಕಿ ಹೊತ್ತಿದ್ದು ಬೇರೆ ಕಡೆ. ಅವನ ತಪ್ಪೇನೂ ಇರಲಿಲ್ಲ. ಆದರೂ ನಷ್ಟ ಅವನೇ ಭರಿಸಬೇಕೆಂದು ತೀರ್ಪಾಯಿತು. ಸಿಡಿಲು, ಪ್ರವಾಹದಂಥ ದೈವೀ ಆಪತ್ತು ಮತ್ತು ಶತ್ರು ಸೈನ್ಯ, ಇವೆರಡನ್ನು ಬಿಟ್ಟರೆ ಮಿಕ್ಕೆಲ್ಲಕ್ಕೂ ಅವನು ವಿಮೆಗಾರನಂತೆ ಹೊಣೆ ಎಂಬುದು ತತ್ತ್ವ.

ಇಷ್ಟು ಬಿಗಿ ಏಕೆ ಎನ್ನುತ್ತೀರಾ? ಸರಕು ದಾರಿಯಲ್ಲಿರುವಾಗ ಮಾಲೀಕನ ಕಣ್ಣಿಗೆ ಬೀಳುವುದಿಲ್ಲ. ಕಳ್ಳರೊಡನೆ ಸೇರಿಕೊಂಡು "ದರೋಡೆಯಾಯಿತು" ಎಂದುಬಿಟ್ಟರೆ ಸಾಬೀತು ಮಾಡುವುದು ಹೇಗೆ? ಏನು ನಡೆಯಿತೆಂದು ಬಲ್ಲವನು ಸಾಗಿಸುವವನೊಬ್ಬನೇ. ಹಾಗಾಗಿ ಹೊಣೆಯೂ ಅವನದೇ.

ನಮ್ಮ ದೇಶದಲ್ಲಿ ಇದೇ ತತ್ತ್ವ 1865ರ ಕ್ಯಾರಿಯರ್ಸ್ ಕಾಯ್ದೆಯ ರೂಪದಲ್ಲಿ ಬಂತು. ಅದರ ಜಾಗದಲ್ಲಿ ಈಗಿರುವುದು 2007ರ ರಸ್ತೆ ಸಾಗಣೆ ಕಾಯ್ದೆ. ಇದು ಜಾರಿಗೆ ಬಂದದ್ದು 2011ರ ಮಾರ್ಚ್ 1ರಿಂದ. ಸರಕು ಬುಕ್ ಮಾಡಿಕೊಳ್ಳುವ ಕಂಪನಿ, ಏಜೆಂಟ್, ಮನೆ ಬಾಗಿಲಿಗೆ ತಲುಪಿಸುವ ಕೊರಿಯರ್, ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಸರಕು ನಷ್ಟವಾದರೆ ಸಾಗಣೆದಾರನ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಾಗಿಲ್ಲ ಎಂಬುದು ಈ ಕಾಯ್ದೆಯಲ್ಲೂ ಉಳಿದುಕೊಂಡಿದೆ. ದೈವೀ ಆಪತ್ತು, ಯುದ್ಧ, ದಂಗೆ, ಕಾನೂನಿನ ಪ್ರಕಾರ ಆದ ಜಪ್ತಿ ಇಂಥ ಕಾರಣಗಳನ್ನು ಅವನು ತೋರಿಸಬಹುದು. ಆಗಲೂ ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕು.

ಹಾಗಾದರೆ ರಸೀದಿಯ ಮೇಲೆ ಒತ್ತಿರುವ 'ಮಾಲೀಕರ ಜವಾಬ್ದಾರಿಯ ಮೇಲೆ' ಎಂಬ ಮೊಹರಿನ ಗತಿ? ಈ ಪ್ರಶ್ನೆ ನಾಥ್ ಬ್ರದರ್ಸ್ ಎಕ್ಸಿಮ್ ಮತ್ತು ಬೆಸ್ಟ್ ರೋಡ್‌ವೇಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಸಾಗಣೆದಾರರ ವಶದಲ್ಲಿದ್ದ ಸರಕು ಗೋದಾಮಿನಲ್ಲಿ ಸುಟ್ಟುಹೋಗಿತ್ತು. ಅಂಥ ಮೊಹರು ಇದ್ದ ಮಾತ್ರಕ್ಕೆ ಸಾಗಣೆದಾರ ತನ್ನ ಮತ್ತು ತನ್ನ ನೌಕರರ ನಿರ್ಲಕ್ಷ್ಯದಿಂದ ಪಾರಾಗಲಾರ ಎಂದು ನ್ಯಾಯಾಲಯ 2000ದಲ್ಲಿ ಹೇಳಿತು. ಇದು ಹಳೆಯ ಕಾಯ್ದೆಯಡಿಯ ತೀರ್ಪು. ಆದರೆ ಮೊಹರು ನೋಡಿದ ಕೂಡಲೇ ಕೈಚೆಲ್ಲಿ ಕೂರುವವರು ನೆನಪಿಟ್ಟುಕೊಳ್ಳಬೇಕಾದ ಮಾತು.

ಆ ಎರಡನೆಯ ಪ್ರಶ್ನೆ

ಹೊಣೆ ಇದೆ ಎಂದಾಯಿತು. ಎಷ್ಟು ಹಣದ ಮಟ್ಟಿಗೆ? ತೊಡಕು ಇರುವುದು ಇಲ್ಲಿ.

ಕಾಯ್ದೆಯ ಪ್ರಕಾರ, ಸರಕು ಕಳುಹಿಸುವವರು 'ಗೂಡ್ಸ್ ಫಾರ್ವರ್ಡಿಂಗ್ ನೋಟ್' ಎಂಬ ಪತ್ರದಲ್ಲಿ ಸರಕಿನ ವಿವರ ಮತ್ತು ಬೆಲೆಯನ್ನು ಬರೆದುಕೊಡಬೇಕು. ಸಾಗಣೆದಾರ ಅದನ್ನು ಪಡೆದು ರಸೀದಿ ಕೊಡಬೇಕು. ಹೆಚ್ಚಿನ ಜವಾಬ್ದಾರಿಯ ದರವನ್ನು ಕೊಡಲು ನೀವು ಒಪ್ಪಿರದಿದ್ದರೆ ಅವನ ಹೊಣೆಗೆ ಮಿತಿ ಇದೆ. ಆ ಮಿತಿ, 2011ರ ನಿಯಮಗಳ ಪ್ರಕಾರ, ಸಾಗಣೆ ಬಾಡಿಗೆಯ ಹತ್ತು ಪಟ್ಟು. ಅದೂ ನೀವು ಘೋಷಿಸಿದ ಬೆಲೆಯನ್ನು ಮೀರುವಂತಿಲ್ಲ.

ಲೆಕ್ಕ ಹಾಕಿ ನೋಡಿ. ಶಿರಸಿಯಿಂದ ಬೆಂಗಳೂರಿಗೆ ಮಗಳ ಕಂಪ್ಯೂಟರ್ ಕಳುಹಿಸಿದಿರಿ ಎಂದಿಟ್ಟುಕೊಳ್ಳೋಣ. ಅದರ ಬೆಲೆ 45,000 ರೂಪಾಯಿ. ಬಾಡಿಗೆ 600 ರೂಪಾಯಿ. ಪೆಟ್ಟಿಗೆ ತಲುಪಲೇ ಇಲ್ಲ. ಪತ್ರದಲ್ಲಿ 500 ಎಂದು ಬರೆಸಿದ್ದರೆ ನಿಮಗೆ ಸಲ್ಲುವುದು 500. ನಿಜವಾದ ಬೆಲೆಯನ್ನೇ ಬರೆಸಿ, ಸಾಮಾನ್ಯ ದರವನ್ನಷ್ಟೇ ಕೊಟ್ಟಿದ್ದರೆ 6,000. ನಿಜವಾದ ಬೆಲೆಯನ್ನು ಬರೆಸಿ, ಹೆಚ್ಚಿನ ದರವನ್ನೂ ತೆತ್ತು, ಅದನ್ನು ಪತ್ರದಲ್ಲಿ ನಮೂದಿಸಿದ್ದರೆ ಮಾತ್ರ ಆ ಹತ್ತು ಪಟ್ಟಿನ ಗೋಡೆ ಅಡ್ಡ ಬರುವುದಿಲ್ಲ. ಕಳೆದುಹೋದದ್ದು ಮೂರು ಸಂದರ್ಭದಲ್ಲೂ ಅದೇ ಕಂಪ್ಯೂಟರ್. ಬೇರೆಯಾದದ್ದು ಕೌಂಟರಿನ ಮುಂದೆ ಆಡಿದ ಒಂದು ಮಾತು.

ಇದು ಅನ್ಯಾಯವೆಂದು ತೋರಬಹುದು. ಸಾಗಣೆದಾರನ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಮುಚ್ಚಿದ ಪೆಟ್ಟಿಗೆಯೊಳಗೆ ಹಳೆಯ ಬಟ್ಟೆ ಇದೆಯೋ ಬಂಗಾರ ಇದೆಯೋ ಅವನಿಗೆ ತಿಳಿಯದು. ತಿಳಿದಿದ್ದರೆ ಹೆಚ್ಚು ಜೋಪಾನ ಮಾಡಬಹುದಿತ್ತು, ವಿಮೆ ಇಳಿಸಬಹುದಿತ್ತು, ಹೆಚ್ಚು ದರ ಕೇಳಬಹುದಿತ್ತು. ಕಡಿಮೆ ಬೆಲೆ ಹೇಳಿ ಕಡಿಮೆ ದರದ ಲಾಭ ಪಡೆದವರು ನಷ್ಟದ ಹೊತ್ತಿಗೆ ಪೂರ್ತಿ ಬೆಲೆ ಕೇಳುವುದು ಸರಿಯಲ್ಲ ಎಂಬುದು ಕಾನೂನಿನ ನಿಲುವು. ಅವನಿಗೂ ಒಂದು ಕಟ್ಟುಪಾಡಿದೆ: ಹೆಚ್ಚಿನ ದರ ವಸೂಲು ಮಾಡಬೇಕಾದರೆ ಆ ದರಪಟ್ಟಿಯನ್ನು ಇಂಗ್ಲಿಷಿನಲ್ಲೂ ರಾಜ್ಯದ ಭಾಷೆಯಲ್ಲೂ ಕಛೇರಿಯಲ್ಲಿ ತೂಗುಹಾಕಿರಬೇಕು. ಕರ್ನಾಟಕದಲ್ಲಿ ಎಂದರೆ ಕನ್ನಡದಲ್ಲಿ. ಮುಂದಿನ ಸಲ ಹೋದಾಗ ಗೋಡೆಯ ಕಡೆಗೊಮ್ಮೆ ನೋಡಿ.

ತಡವಾದರೆ?

ಸರಕು ಕಳೆಯದೆ ತಡವಾಗಿ ಬಂದರೆ ಏನು ಗತಿ? ಕಾನೂನು, ವಾಣಿಜ್ಯ ಓದುವ ವಿದ್ಯಾರ್ಥಿಗಳು ಈ ಪ್ರಶ್ನೆಗೆ 1854ರ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ಪ್ರಕರಣದಲ್ಲಿ ಉತ್ತರ ಹುಡುಕುತ್ತಾರೆ. ಗ್ಲಾಸ್ಟರ್ ಎಂಬ ಊರಿನ ಹಿಟ್ಟಿನ ಗಿರಣಿಯಲ್ಲಿ ಉಗಿ ಯಂತ್ರದ ದಂಡ ಮುರಿಯಿತು. ಹೊಸದನ್ನು ಮಾಡಲು ಮಾದರಿಯಾಗಲೆಂದು ಮುರಿದದ್ದನ್ನು ಗ್ರೀನಿಚ್‌ಗೆ ಕಳುಹಿಸಬೇಕಾಗಿತ್ತು. ಸಾಗಣೆದಾರರು ತಡಮಾಡಿದರು, ಗಿರಣಿ ಅಷ್ಟು ದಿನ ಹೆಚ್ಚಾಗಿ ನಿಂತಿತು. ನಿಂತ ದಿನಗಳ ಲಾಭವನ್ನು ಕೊಡಿಸಿ ಎಂದು ಗಿರಣಿಯವರು ಕೇಳಿದರು. ನ್ಯಾಯಾಲಯ ಕೊಡಿಸಲಿಲ್ಲ. ಕರಾರು ಮುರಿದಾಗ ಸಹಜವಾಗಿ ಆಗುವ ನಷ್ಟ, ಇಲ್ಲವೇ ಕರಾರಿನ ವೇಳೆ ಇಬ್ಬರಿಗೂ ಗೊತ್ತಿದ್ದ ನಷ್ಟ, ಇಷ್ಟಕ್ಕೆ ಮಾತ್ರ ಪರಿಹಾರ ಎಂದಿತು. ಬೇರೆ ದಂಡವಿಲ್ಲದೆ ಗಿರಣಿಯೇ ನಿಂತಿದೆ ಎಂಬುದು ಸಾಗಣೆದಾರನಿಗೆ ತಿಳಿದಿರಲಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ. ನಮ್ಮ 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲಿ ಇರುವುದು ಇದೇ ತತ್ತ್ವ.

ಇದರ ಬಿಸಿ ತಟ್ಟಿದ್ದು ಭಾರತಿ ನಿಟಿಂಗ್ ಕಂಪನಿಗೆ. 1990ರಲ್ಲಿ ಜರ್ಮನಿಯ ವ್ಯಾಪಾರಿಗೆ ಸಿದ್ಧ ಉಡುಪು ಮಾರಿದ್ದ ಈ ಕಂಪನಿ, ಅದಕ್ಕೆ ಸಂಬಂಧಿಸಿದ ದಾಖಲೆಗಳನ್ನು ಕೊರಿಯರ್ ಮೂಲಕ ಕಳುಹಿಸಿತು. ಲಕೋಟೆ ತಲುಪಲಿಲ್ಲ. ನಷ್ಟ ಲಕ್ಷಗಟ್ಟಲೆ. ಆದರೆ ಸಹಿ ಹಾಕಿದ ಪತ್ರದಲ್ಲಿ ಹೊಣೆ 100 ಡಾಲರಿಗೆ ಸೀಮಿತ ಎಂಬ ಷರತ್ತಿತ್ತು. ಷರತ್ತಿರುವ ಪತ್ರಕ್ಕೆ ಸಹಿ ಹಾಕಿದವರು ಅದಕ್ಕೆ ಬದ್ಧರು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಹಿಯಿಲ್ಲದ, ಯಾರೂ ವಿವರಿಸಿ ಹೇಳದ ಸಣ್ಣಕ್ಷರದ ಷರತ್ತುಗಳಿಗೆ ಗ್ರಾಹಕರನ್ನು ಕಟ್ಟಿಹಾಕಲಾಗದು ಎಂದು ಗ್ರಾಹಕ ಆಯೋಗಗಳು ಕೆಲವು ಪ್ರಕರಣಗಳಲ್ಲಿ ಹೇಳಿರುವುದೂ ಉಂಟು. ಆದರೆ ಆ ವಾದ ಮಾಡುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ.

ಈಗ ಉಡುಪಿನ ದಾಖಲೆಗಳ ಜಾಗದಲ್ಲಿ ಮಗನ ಮೂಲ ಅಂಕಪಟ್ಟಿಯನ್ನು ಇಟ್ಟು ನೋಡಿ. ಲಕೋಟೆ ತಪ್ಪಿ, ಕೊನೆಯ ದಿನಾಂಕ ಕಳೆದು, ಸೀಟು ಹೋಯಿತು. ಕಾಗದದ ಬೆಲೆಯೇನು? ಕೊರಿಯರಿನವನಿಗೆ ಅದೊಂದು ಲಕೋಟೆ. ನಿಮಗೆ ಅದೊಂದು ವರ್ಷ. ಆ ವರ್ಷವನ್ನು ಹಿಂದಕ್ಕೆ ಕೊಡುವ ಷರತ್ತು ಯಾವ ರಸೀದಿಯಲ್ಲೂ ಇರುವುದಿಲ್ಲ.

ರೈಲು ಮತ್ತು ವಿಮಾನ

ರೈಲಿನಲ್ಲಿ ಲೆಕ್ಕ ಬೇರೆ, ತತ್ತ್ವ ಅದೇ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಲಗೇಜನ್ನು ಬುಕ್ ಮಾಡಿ ರಸೀದಿ ಪಡೆದಿದ್ದರೆ ರೈಲ್ವೆ ಹೊಣೆ. ಸೀಟಿನ ಕೆಳಗೆ ನೀವೇ ಇಟ್ಟುಕೊಂಡು ಹೋದ ಪೆಟ್ಟಿಗೆ ಕಳೆದರೆ ರೈಲ್ವೆಯ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕು. ಬುಕ್ ಮಾಡಿದ ಲಗೇಜಿಗೂ ಬೆಲೆ ಘೋಷಿಸಿ ಅದರ ಮೇಲಿನ ಶುಲ್ಕ ಕಟ್ಟದಿದ್ದರೆ ಕಿಲೋ ಒಂದಕ್ಕೆ 100 ರೂಪಾಯಿಯ ಮಿತಿ. ಕಂಪ್ಯೂಟರನ್ನು ಅಕ್ಕಿಯಂತೆ ತೂಗುವ ಲೆಕ್ಕ ಇದು!

ಓದಲು ಹೊರದೇಶಕ್ಕೆ ಹೊರಟವರು ಮಾಂಟ್ರಿಯಲ್ ಒಪ್ಪಂದದ ಹೆಸರು ತಿಳಿದಿರಲಿ. 1999ರಲ್ಲಿ ಆದ ಈ ಒಪ್ಪಂದದಡಿ ವಿಮಾನ ಕಂಪನಿಗೆ ಒಪ್ಪಿಸಿದ ಬ್ಯಾಗುಗಳಿಗೆ ಪ್ರಯಾಣಿಕರೊಬ್ಬರಿಗೆ ಇಂತಿಷ್ಟೇ ಎಂಬ ಮಿತಿಯಿದೆ. ಬ್ಯಾಗು ಒಪ್ಪಿಸುವಾಗಲೇ ಹೆಚ್ಚಿನ ಬೆಲೆ ಘೋಷಿಸಿ, ಕೇಳಿದರೆ ಹೆಚ್ಚುವರಿ ಹಣ ಕಟ್ಟಿದವರಿಗೆ ಮಾತ್ರ ಅದರಾಚೆ. ಬ್ಯಾಗು ಜಖಂ ಆಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿದ್ದರೆ 21 ದಿನದೊಳಗೆ ಲಿಖಿತ ದೂರು ಕೊಡಲೇಬೇಕು.

ಮಾಡಬೇಕಾದದ್ದು

ಲಾರಿ ಪಾರ್ಸೆಲ್ಲಿಗೆ ಸಾಮಾನು ಒಪ್ಪಿಸುವ ಮೊದಲು ಒಳಗಿರುವುದರ ಪಟ್ಟಿ ಮಾಡಿ, ತೆರೆದ ಪೆಟ್ಟಿಗೆಯ ಫೋಟೋ ತೆಗೆದಿಡಿ. ನಿಜವಾದ ಬೆಲೆಯನ್ನೇ ಬರೆಸಿ. ಬೆಲೆಬಾಳುವ ವಸ್ತುವಿದ್ದರೆ ಹೆಚ್ಚಿನ ಜವಾಬ್ದಾರಿಯ ದರವನ್ನು ಕೇಳಿ, ಕೊಟ್ಟದ್ದನ್ನು ಪತ್ರದಲ್ಲಿ ಕಾಣಿಸಿ. ಇಲ್ಲವೇ ಸಾಗಣೆ ವಿಮೆ ಮಾಡಿಸಿ. ತಲುಪಬೇಕಾದ ದಿನ ಮುಖ್ಯವಾಗಿದ್ದರೆ ಅದನ್ನೂ ಬರೆಸಿ. ಪೆಟ್ಟಿಗೆ ಬಿಡಿಸಿಕೊಳ್ಳುವಾಗ ಒಡೆದಿದ್ದು ಕಂಡರೆ, ಸಹಿ ಹಾಕುವ ಜಾಗದಲ್ಲೇ ಹಾಗೆಂದು ಬರೆಯಿರಿ. "ಸರಿಯಾಗಿ ತಲುಪಿದೆ" ಎಂದು ಸಹಿ ಮಾಡಿ ಮನೆಗೆ ಬಂದು ಬಿಚ್ಚಿ ನೋಡುವುದು ಬೇಡ.

ನಷ್ಟವಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸು ಮುಟ್ಟಿರಬೇಕು. "ಹುಡುಕುತ್ತಿದ್ದೇವೆ, ಮುಂದಿನ ವಾರ ಬನ್ನಿ" ಎಂಬ ಮಾತನ್ನು ನಂಬಿ ಈ ಅವಧಿ ಕಳೆದುಕೊಂಡರೆ ದಾವೆ ಹೂಡುವ ದಾರಿಯೇ ಮುಚ್ಚುತ್ತದೆ. ರೈಲ್ವೆಗಾದರೆ ಆರು ತಿಂಗಳು. ನೋಟಿಸಿನ ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿಗೆ ಎರಡು ವರ್ಷದ ಗಡುವಿದೆ. ವಕೀಲರಿಲ್ಲದೆಯೂ ವಾದಿಸಬಹುದು.

ಇಷ್ಟೆಲ್ಲ ಕಾನೂನಿನ ಸಾರ ಎರಡೇ ಮಾತು. ಬೆಲೆ ಇರುವ ವಸ್ತುವಿನ ಬೆಲೆಯನ್ನು ಬರೆಸಿ ಕಳುಹಿಸಿ. ಬೆಲೆ ಕಟ್ಟಲಾಗದ ಅಂಕಪಟ್ಟಿ, ಪಾಸ್‌ಪೋರ್ಟು, ಬರೆದು ಮುಗಿಸಿದ ಪ್ರಬಂಧದ ಒಂದೇ ಒಂದು ಪ್ರತಿ, ಇವು ಯಾರ ಪೆಟ್ಟಿಗೆಯಲ್ಲೂ ಬೇಡ. ನಿಮ್ಮ ಕೈಚೀಲದಲ್ಲೇ ಇರಲಿ.