ಕಾರಿನ ಗಾಯಕ್ಕೆ ಮನೆಮದ್ದು

ನಮ್ಮ ಮನೆಯ ಹಳೆಯ ಕಾರು ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬರುವುದು ವಾಡಿಕೆ. ಜಲ್ಲಿ ಸಿಡಿದು ಅದರ ಮೂತಿಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಕಳೆದ ಬೇಸಗೆಯ ರಜೆಯಲ್ಲಿ ನಾನು ಅದಕ್ಕೆ ಬಣ್ಣ ಹಚ್ಚುತ್ತಿದ್ದುದನ್ನು ಕಂಡ ಸಹಪಾಠಿಯೊಬ್ಬರು, "ಬಿ.ಎ. ಓದಿ ಇದೇ ಕೆಲಸವೇ?" ಎಂದು ನಕ್ಕರು. ನನಗೂ ಕ್ಷಣಕಾಲ ನಾಚಿಕೆಯಾಯಿತೆಂಬುದನ್ನು ಮುಚ್ಚಿಡಲಾರೆ. ಗುಡಿಗಾರರು ಶ್ರೀಗಂಧ ಕೆತ್ತುವ ಸೀಮೆಯಲ್ಲಿ ಹುಟ್ಟಿ ಕೈಗೆಲಸಕ್ಕೆ ನಾಚುವುದೆಂದರೇನು!

ಚುಕ್ಕೆ ಚಿಕ್ಕದೆಂದು ಬಿಡತಕ್ಕದ್ದಲ್ಲ. ತಗಡು ಬಯಲಾದಲ್ಲಿ ಮಲೆನಾಡಿನ ಮಳೆ ತುಕ್ಕು ತರುತ್ತದೆ. ಆ ತುಕ್ಕು ಸುತ್ತಲ ಒಳ್ಳೆಯ ಬಣ್ಣದ ಅಡಿಗೂ ಹರಿಯುತ್ತದೆ. ಹೊಳಪಿಗಿಂತ ತುಕ್ಕನ್ನು ತಡೆಯುವುದೇ ಮುಖ್ಯವೆಂದು ನನ್ನ ಅಭಿಪ್ರಾಯ. ತೊಳೆದು ಒಣಗಿಸಿ, ತುಕ್ಕನ್ನು ನಯವಾದ ಮರಳುಕಾಗದದಿಂದ ತೆಗೆಯಬೇಕು. ಬಳಿಕ ಪ್ರೈಮರ್, ಅದು ಒಣಗಿದ ಮೇಲೆ ಬಣ್ಣ, ಕೊನೆಗೆ ಪಾರದರ್ಶಕ ಲೇಪ. ಬಣ್ಣದ ಸಂಕೇತ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನಲ್ಲೋ ಎಂಜಿನ್ನಿನ ಬಳಿಯೋ ಇರುವ ಪಟ್ಟಿಯಲ್ಲಿರುತ್ತದೆ. ಶೀಶೆಯೊಡನೆ ಬಂದ ಕುಂಚ ಬಹಳ ದಪ್ಪ. ನಾನು ಊದುಬತ್ತಿಯ ಕಡ್ಡಿಯನ್ನೇ ಚೂಪು ಮಾಡಿಕೊಂಡೆ. ಅವಸರದಿಂದ ಒಂದೇ ಸಲಕ್ಕೆ ತುಂಬಿದ ಮೊದಲ ಚುಕ್ಕೆ ಮೊಡವೆಯಂತೆ ಉಬ್ಬಿ ನಿಂತಿತು. ಉಳಿದವಕ್ಕೆ ತೆಳುವಾಗಿ, ಒಣಗಲು ಬಿಟ್ಟು ಬಿಟ್ಟು, ಮೂರು ಸಲ ಹಚ್ಚಿದೆ.

ಇದು ಮಳೆಗಾಲಕ್ಕೆ ಮುಂಚೆಯೇ ಆಗಬೇಕಾದ ಕೆಲಸ. ತೇವದ ಗಾಳಿಯಲ್ಲಿ ಲೇಪ ಮಂಕಾಗುವುದುಂಟು. ತಗಡೇ ತೂತಾಗಿದ್ದರೆ ಮಾತ್ರ ಕಸುಬುದಾರರಲ್ಲಿಗೆ ಹೋಗತಕ್ಕದ್ದು.

ಹತ್ತಿರದಿಂದ ನೋಡಿದರೆ ನನ್ನ ತೇಪೆ ಕಾಣುತ್ತದೆ, ನಿಜ. ನಕ್ಕ ಮಿತ್ರರು ಮೊನ್ನೆ ತಮ್ಮ ಬೈಕಿಗೆ ಉಳಿದ ಬಣ್ಣ ಕೇಳಲು ಬಂದರು. ಬಣ್ಣ ಹೊಂದಲಿಲ್ಲ, ಮರಳುಕಾಗದ ಕೊಟ್ಟು ಕಳುಹಿಸಿದೆ.