ಕಿರ್ದಿ ಬರೆಯದ ಕಾಮರ್ಸ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದಲೇ ಊರೂರಿನ ಪಿಯು ಕಾಲೇಜುಗಳ ಗೇಟಿನ ಬಳಿ ನಾಲ್ಕಕ್ಷರದ ಚರ್ಚೆ ಶುರುವಾಗುತ್ತದೆ. ಎಚ್‌ಇಬಿಎ ತಗೊಳ್ಳಲಾ, ಎಸ್‌ಇಬಿಎನಾ, ಸಿಇಬಿಎನಾ? ವ್ಯತ್ಯಾಸ ಇರುವುದು ಮೊದಲ ಅಕ್ಷರದಲ್ಲಿ ಮಾತ್ರ: ಇತಿಹಾಸವೋ, ಸಂಖ್ಯಾಶಾಸ್ತ್ರವೋ, ಕಂಪ್ಯೂಟರ್ ಸೈನ್ಸೋ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮೂರಕ್ಕೂ ಇದ್ದದ್ದೇ. ಸೈನ್ಸಿಗೆ ಅಂಕ ಸಾಲದವರು, ಆರ್ಟ್ಸ್ ಎಂದರೆ ಮೂಗು ಮುರಿಯುವ ಮನೆಯವರು, ಡಿಗ್ರಿ ಮುಗಿಯುವ ಮೊದಲೇ ಮನೆಗೆ ನಾಲ್ಕು ಕಾಸು ತರಬೇಕಾದವರು, ನಿಜಕ್ಕೂ ಲೆಕ್ಕಪತ್ರವನ್ನು ಇಷ್ಟಪಡುವವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ‘ಕಂಪ್ಯೂಟರ್ ಒಂದು ಜೊತೆಗಿದ್ದರೆ ಎಲ್ಲಾದರೂ ಕೆಲಸ ಸಿಗುತ್ತೆ’ ಎಂದುಕೊಂಡ ಅಪ್ಪ-ಅಮ್ಮ ಸಿಇಬಿಎ ಅರ್ಜಿಗೆ ಸಹಿ ಹಾಕುತ್ತಾರೆ.

ಅವರ ಲೆಕ್ಕಾಚಾರದಲ್ಲಿ ದೋಷವಿಲ್ಲ. ದೋಷವಿರುವುದು ಆಮೇಲಿನ ಎರಡು ವರ್ಷಗಳಲ್ಲಿ. ಒಂದು ಕೋಣೆಯಲ್ಲಿ ಹುಡುಗಿ ಸ್ಕೇಲು ಹಿಡಿದು ಗೆರೆ ಹೊಡೆದು ಖಾತೆ ಬರೆಯುತ್ತಾಳೆ, ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಮ್ ಬರೆಯುತ್ತಾಳೆ. ಮೊನ್ನೆ ಮೊನ್ನೆಯವರೆಗೆ ಸಿ++ ಇತ್ತು, ಈಗ ಪೈಥಾನ್ ಬಂದಿದೆ. ಒಂದು ಕೋಣೆಗೆ ಇನ್ನೊಂದರ ಸುದ್ದಿಯೇ ಇಲ್ಲ. ಲೆಕ್ಕದ ತಂತ್ರಾಂಶವೊಂದರ ಹೆಸರು ಹಿಡಿದು ಅಂಗಡಿಯವರೂ ಆಡಿಟರ್ ಆಫೀಸಿನವರೂ ಕೇಳುವ ‘ಟ್ಯಾಲಿ ಬರುತ್ತಾ?’ ಎಂಬ ಪ್ರಶ್ನೆಗೆ ಉತ್ತರ ಇವೆರಡು ಕೋಣೆಗಳ ಆಚೆ, ಬಸ್ ಸ್ಟ್ಯಾಂಡ್ ಎದುರಿನ ಕಟ್ಟಡದ ಮೇಲ್ಮಹಡಿಯಲ್ಲಿ, ಸಂಜೆ ಹೊತ್ತು ಫೀಸಿಗೆ ಸಿಗುತ್ತದೆ. ಹೀಗೆ ವಿಷಯ ಒಂದು ಕಡೆ, ಕೈಕೆಲಸ ಇನ್ನೊಂದು ಕಡೆ ಆಗಿದೆ. ಎರಡೂ ಕಡೆ ಕಲಿತದ್ದು ಅರ್ಧವೇ.

ಉತ್ಪ್ರೇಕ್ಷೆ ಎನ್ನುವವರಿಗಾಗಿ ಒಂದು ಬಿಲ್ಲು ನೋಡೋಣ. ಬೆಳಗಾವಿಯ ಪೇಂಟ್ ಅಂಗಡಿಯೊಂದು ಹತ್ತು ಸಾವಿರ ರೂಪಾಯಿ ಮಾಲನ್ನು ಗೋಕಾಕದ ವ್ಯಾಪಾರಿಗೆ ಕಳಿಸಿತು ಅನ್ನಿ. ತೆರಿಗೆ ಶೇ 18. ಅದರಲ್ಲಿ 900 ಕೇಂದ್ರದ ಪಾಲು, 900 ರಾಜ್ಯದ ಪಾಲು. ಅದೇ ಮಾಲು ಕೊಲ್ಹಾಪುರಕ್ಕೆ ಹೋದರೆ 1,800 ಇಡಿಯಾಗಿ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ಮಾರಾಟದ ತೆರಿಗೆ. ಕೊಳ್ಳುವವರ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿಗಳೇ ಇದನ್ನು ಹೇಳುತ್ತವೆ: 29 ಅಂದರೆ ಕರ್ನಾಟಕ, 27 ಅಂದರೆ ಮಹಾರಾಷ್ಟ್ರ. ಮೇಲ್ಮಹಡಿಯಲ್ಲಿ ಕಲಿತ ಹುಡುಗನಿಗೆ ಟ್ಯಾಲಿಯಲ್ಲಿ ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ ಎಂದು ಗೊತ್ತು. ಸರಸರನೆ ಒತ್ತುತ್ತಾನೆ ಕೂಡ. ಆದರೆ ಕೊಲ್ಹಾಪುರದವರು ಬಣ್ಣ ಹೊಂದಲಿಲ್ಲವೆಂದು ಎರಡು ಡಬ್ಬ ವಾಪಸ್ ಕಳಿಸಿದರೆ ಬೆರಳು ನಿಂತುಬಿಡುತ್ತದೆ. ಮಾಲು ಒಳಗೆ ಬಂತಲ್ಲ ಎಂದು ಖರೀದಿಗೆ ಹಾಕುತ್ತಾನೆ. ದಾಸ್ತಾನು ಸರಿಹೋಗುತ್ತದೆ, ಮಾರಾಟವೂ ಖರೀದಿಯೂ ಸುಮ್ಮನೆ ಉಬ್ಬುತ್ತವೆ, ಗಿರಾಕಿ ಲೆಕ್ಕದಲ್ಲಿ ಸರಬರಾಜುದಾರನಾಗಿ ಕೂರುತ್ತಾನೆ. ಇತ್ತ ಕಾಲೇಜಿನಲ್ಲಿ ಮಾತ್ರ ಕಲಿತವಳು ಮಾರಾಟ ವಾಪಸಾತಿಯ ನಮೂದನ್ನು ನಿದ್ದೆಯಲ್ಲೂ ಹೇಳಬಲ್ಲಳು, ಒಂದು ನಿಜವಾದ ಬಿಲ್ಲನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ದ್ವಿತೀಯ ಪಿಯು ಲೆಕ್ಕಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ‘ಪ್ರಾಯೋಗಿಕ’ ಪ್ರಶ್ನೆಗಳ ಒಂದು ಭಾಗವೇ ಇದೆ. ಅದಕ್ಕೂ ಹಾಳೆಯ ಮೇಲೆಯೇ ಉತ್ತರ ಬರೆಯಬೇಕು. ಈಜು ಪರೀಕ್ಷೆಯನ್ನು ಕರಿಹಲಗೆಯ ಮೇಲೆ ಮಾಡಿದ ಹಾಗೆ.

ಮೊದಲೆಲ್ಲ ಚೆನ್ನಾಗಿತ್ತು ಎಂದು ಹೇಳಹೊರಟಿಲ್ಲ. ದಲಾಲಿ ಅಂಗಡಿಯಲ್ಲಿ ಗುಮಾಸ್ತರ ಪಕ್ಕ ಕೂತು ಕಿರ್ದಿ, ಖತಾವಣಿ ಕಲಿಯಲು ಆ ಗಾದಿಗೆ ಹತ್ತಿರದವನಾಗಿರಬೇಕಿತ್ತು; ಜಾತಿ, ನೆಂಟಸ್ತಿಕೆ ಎಲ್ಲ ಬೇಕಿತ್ತು. ಹೆಣ್ಣುಮಕ್ಕಳಿಗಂತೂ ಪ್ರವೇಶವೇ ಇರಲಿಲ್ಲ. ಆ ಬಾಗಿಲನ್ನು ಎಷ್ಟೋ ಮಟ್ಟಿಗೆ ತೆರೆದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟುಗಳು. ಜೂನಿಯರ್, ಸೀನಿಯರ್, ಶಾರ್ಟ್‌ಹ್ಯಾಂಡ್ ಎಂದು ವಾಣಿಜ್ಯ ಪರೀಕ್ಷೆ ಕಟ್ಟಿ ಆಫೀಸು ಸೇರಿದ ಹುಡುಗಿಯರು ಒಂದು ತಲೆಮಾರಿನ ಮನೆಗಳನ್ನೇ ನಿಲ್ಲಿಸಿದರು. ಇನ್‌ಸ್ಟಿಟ್ಯೂಟಿನ ಗುಟ್ಟು ಸರಳವಾಗಿತ್ತು. ಕೆಲಸದಲ್ಲಿ ಬಳಸುವ ಯಂತ್ರದ ಮೇಲೆಯೇ, ಗಡಿಯಾರ ಇಟ್ಟು, ತಪ್ಪು ಎಣಿಸಿ ಕಲಿಸುತ್ತಿದ್ದರು.

ಪಾಠದ ಜೊತೆ ಕೈಕೆಲಸವೂ ಬೇಕೆಂಬುದು ಸರ್ಕಾರಗಳಿಗೆ ಹೊಳೆದಿಲ್ಲ ಎಂದಲ್ಲ. 1964-66ರ ಕೊಠಾರಿ ಆಯೋಗ, ಇಪ್ಪತ್ತು ವರ್ಷಗಳಲ್ಲಿ ಹತ್ತನೆಯ ತರಗತಿಯ ನಂತರದವರ ಪೈಕಿ ಅರ್ಧದಷ್ಟು ಮಂದಿ ವೃತ್ತಿಶಿಕ್ಷಣದಲ್ಲಿರಬೇಕು ಎಂದಿತ್ತು. 1986ರಲ್ಲಿ ಆ ಇಪ್ಪತ್ತು ವರ್ಷ ಮುಗಿಯುವ ಹೊತ್ತಿಗೆ ಬಂದ ಶಿಕ್ಷಣ ನೀತಿ ಗುರಿಯನ್ನು 1990ಕ್ಕೆ ಶೇ 10, 1995ಕ್ಕೆ ಶೇ 25 ಎಂದು ಇಳಿಸಿತು. 2020ರ ನೀತಿ ಮತ್ತೆ ಶೇ 50ಕ್ಕೆ ಏರಿಸಿ, 2025ರ ಗಡುವು ಕೊಟ್ಟಿತು. ಆದರೆ ಈ ಬಾರಿ ವೃತ್ತಿಶಿಕ್ಷಣದ ‘ಪರಿಚಯ’ವಾದರೆ ಸಾಕು. ಹತ್ತೊಂಬತ್ತರಿಂದ ಇಪ್ಪತ್ನಾಲ್ಕು ವಯಸ್ಸಿನವರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ ಎಂದೂ ಅದೇ ನೀತಿ ಒಪ್ಪಿಕೊಂಡಿದೆ.

ಕಂಪ್ಯೂಟರಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. 1984ರಲ್ಲಿ ಕೇಂದ್ರದ ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರುಗಳು ದೇಶದ ಕೆಲವು ಶಾಲೆಗಳಿಗೆ ಬಂದವು. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯ ‘ಮಾಹಿತಿ ಸಿಂಧು’ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೆ ಲ್ಯಾಬ್ ಕೊಟ್ಟಿತು, ಕಲಿಸುವ ಹೊಣೆಯನ್ನು ಖಾಸಗಿ ತರಬೇತಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಶಾಲೆಯ ಮೇಷ್ಟ್ರಿಗೆ ಆ ಕೋಣೆ ಪರರ ಮನೆಯಾಯಿತು. ಸುಮಾರು ಅದೇ ಸಮಯಕ್ಕೆ, 2001ರಲ್ಲಿ, ಕೇರಳ ‘ಐಟಿ ಅಟ್ ಸ್ಕೂಲ್’ ಶುರುಮಾಡಿ ತನ್ನ ಗಣಿತದ, ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೇ ಕಂಪ್ಯೂಟರ್ ಕಲಿಸಿತು, ಕ್ರಮೇಣ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಪಾಠ ಮೇಷ್ಟ್ರಲ್ಲಿ ಉಳಿದದ್ದರಿಂದ ಶಾಲೆಯಲ್ಲೂ ಉಳಿಯಿತು. ಈಗ ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಬದಲಿಗೆ ಎನ್‌ಎಸ್‌ಕ್ಯೂಎಫ್ ಎಂಬ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅಡಿ ಐಟಿ, ರಿಟೇಲ್, ಆಟೊಮೊಬೈಲ್ ಮೊದಲಾದವನ್ನು ಆಯ್ದುಕೊಳ್ಳಬಹುದು. ಒಳ್ಳೆಯ ಹೆಜ್ಜೆ. ಆದರೆ ಕಲಿಸುವವರು ಮತ್ತೆ ಹೊರಗುತ್ತಿಗೆಯವರಾದರೆ ಮಾಹಿತಿ ಸಿಂಧುವಿನ ಕಥೆಯೇ ಮುಂದುವರಿಯುತ್ತದೆ.

‘ದುಡ್ಡಿಲ್ಲ’ ಎಂಬುದು ಇಲ್ಲಿ ಸಲ್ಲದ ನೆಪ. ಟ್ಯಾಲಿ ನಮ್ಮ ಬೆಂಗಳೂರಿನದೇ ಸರಕು, 1986ರಲ್ಲಿ ಗೋಯೆಂಕಾ ತಂದೆ-ಮಗ ಕಟ್ಟಿದ ಕಂಪನಿಯದು. ಅದರ ಶೈಕ್ಷಣಿಕ ಆವೃತ್ತಿಗೆ ಕಾಸು ಕೊಡಬೇಕಿಲ್ಲ. ತಿಂಗಳ 1, 2, 31 ಇಂಥ ಕೆಲವೇ ತಾರೀಖುಗಳಿಗೆ ನಮೂದು ಹಾಕಲು ಬಿಡುತ್ತದೆ, ಕಲಿಯಲು ಅಷ್ಟು ಸಾಕು. ಅದೂ ಬೇಡವೆಂದರೆ ಲಿಬ್ರೆ ಆಫೀಸಿನ ಸ್ಪ್ರೆಡ್‌ಶೀಟ್ ಇದೆ. ಕೊರತೆ ಇರುವುದು ಧೋರಣೆಯಲ್ಲಿ. ಕಾಮರ್ಸ್ ಎಂದರೆ ಲ್ಯಾಬ್ ಬೇಡದ, ಕರಿಹಲಗೆ ಮತ್ತು ಒಬ್ಬ ಅತಿಥಿ ಉಪನ್ಯಾಸಕರಿದ್ದರೆ ನಡೆದುಹೋಗುವ ಅಗ್ಗದ ವಿಭಾಗ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಜಮೆಗೆ ಖರ್ಚು ತಾಳೆಯಾಗಬೇಕೆಂಬ ಪದ್ಧತಿಯನ್ನು ಇಟಲಿಯ ಗಣಿತಜ್ಞ ಪಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ್ದು 1494ರಲ್ಲಿ. ತಂತ್ರಾಂಶ ಯಾವುದೇ ಬರಲಿ, ಒಳಗಿರುವುದು ಅದೇ. ಆದ್ದರಿಂದ ಯಾವ ತಂತ್ರಾಂಶ ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ.

ನನ್ನ ಬೇಡಿಕೆ ಚಿಕ್ಕದು. ಪ್ರತಿ ಕಾಮರ್ಸ್ ತರಗತಿಗೂ ಒಂದು ನಿಜವಾದ ಲೆಕ್ಕ ಸಿಗಲಿ. ಹಾಲಿನ ಡೇರಿ ಇರುವ ಊರಲ್ಲಿ ಡೇರಿಯದು, ಸ್ವಸಹಾಯ ಸಂಘದ್ದು, ಅದೂ ಸಿಗದಿದ್ದರೆ ಪಕ್ಕದ ಶಾಲೆಯ ಬಿಸಿಯೂಟದ್ದು. ವರ್ಷವಿಡೀ ಕಿರ್ದಿ ಬರೆದು, ಕಂಪ್ಯೂಟರಿಗೆ ಏರಿಸಿ, ಮಾರ್ಚ್ 31ಕ್ಕೆ ಅಢಾವೆ ಪತ್ರಿಕೆ ತಯಾರಿಸಲಿ. ತಾಳೆಯಾಗದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಲಿ. ಆಂತರಿಕ ಅಂಕಗಳು ಹೇಗೂ ಇವೆ, ಪ್ರಾಜೆಕ್ಟ್ ಹೆಸರಿನಲ್ಲಿ ಝೆರಾಕ್ಸ್ ಅಂಗಡಿಗೆ ಹೋಗುವ ಆ ಅಂಕ ಇಲ್ಲಿಗೆ ಬರಲಿ. ಈ ಮಾತನ್ನು ಪರಿಚಯದ ಪ್ರಾಂಶುಪಾಲರೊಬ್ಬರ ಮುಂದೆ ಇಟ್ಟಾಗ, ಮಕ್ಕಳ ಸಾಮರ್ಥ್ಯದ ಬಗ್ಗೆ ಅವರು ಒಂದು ಅನುಮಾನವನ್ನೂ ಎತ್ತಲಿಲ್ಲ. ಅವರ ಆತಂಕವೇ ಬೇರೆ: ಬಿಸಿಯೂಟದ ಲೆಕ್ಕವನ್ನು ಹದಿನೇಳರ ಹುಡುಗಿಯರ ಕೈಗೆ ಕೊಡಲು ಯಾರು ಒಪ್ಪುತ್ತಾರೆ, ಸಾರ್?