ಹಳೇ ಚೈನ್‌ಸಾ ಮತ್ತು ಸಾಗವಾನಿಯ ಉಂಗುರಗಳು

ಮಳೆಗಾಲದ ಗಾಳಿಗೆ ಮರ ಬಿದ್ದು ರಸ್ತೆ ಬಂದಾದರೆ ನಮ್ಮ ಅಂಕೋಲೆ, ಕಾರವಾರದ ಕಡೆ ಸ್ವಲ್ಪ ಹೊತ್ತಿಗೆ ‘ಗುರ್ರ್’ ಎನ್ನುವ ಸದ್ದು ಕೇಳುತ್ತದೆ. ಮಕ್ಕಳೇ, ನೀವೂ ಕೇಳಿರುತ್ತೀರಿ. ಕೆಲವರು ಅದನ್ನು ಮರ ಕೊಯ್ಯುವ ಮಷಿನ್ ಎನ್ನುತ್ತಾರೆ, ಅಂಗಡಿಯವರು ಚೈನ್‌ಸಾ ಎನ್ನುತ್ತಾರೆ. ಸೈಕಲ್ಲಿನ ಚೈನಿಗೆ ಹಲ್ಲು ಮೂಡಿ, ಅದನ್ನು ಪೆಟ್ರೋಲ್ ಎಂಜಿನ್ ತಿರುಗಿಸಿದರೆ ಹೇಗಿರುತ್ತದೋ ಹಾಗೆ.

ಬ್ಯಾಂಕಿನಿಂದ ನಿವೃತ್ತರಾದ ನನ್ನ ಗೆಳೆಯರಲ್ಲಿ ಒಬ್ಬರು ಭಜನೆಗೆ ಹೋಗುತ್ತಾರೆ, ಇನ್ನೊಬ್ಬರು ಮಲ್ಲಿಗೆ ಬೆಳೆಸುತ್ತಾರೆ. ನನ್ನ ಹವ್ಯಾಸ ಸ್ವಲ್ಪ ಗದ್ದಲದ್ದು. ಗುಜರಿಗೆ ಬಿದ್ದ ಹಳೇ ಚೈನ್‌ಸಾಗಳನ್ನು ತಂದು, ಬಿಚ್ಚಿ, ಸರಿಮಾಡಿ, ಮತ್ತೆ ಓಡಿಸುತ್ತೇನೆ. ಈಗ ನನ್ನ ಹತ್ತಿರ ಮೂರಿವೆ. ಅವುಗಳಲ್ಲಿ ದೊಡ್ಡಣ್ಣ ಜರ್ಮನಿಯ ಸ್ಟಿಲ್ ಕಂಪನಿಯ 070. ಈ ಮಾದರಿ ಮೊದಲು ಬಂದದ್ದು 1968ರಲ್ಲಿ. ಎಂಜಿನ್ ಸುಮಾರು 106 ಸಿಸಿ, ಅಂದರೆ ಅಜ್ಜಂದಿರು ಓಡಿಸುತ್ತಿದ್ದ ಲೂನಾದ ಎಂಜಿನ್ನಿಗಿಂತ ಎರಡು ಪಟ್ಟು ದೊಡ್ಡದು. ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಬೇಕು!

ಲೂನಾ, ಯೆಜ್ಡಿ ಓಡಿಸಿದ ಹಿರಿಯರಿಗೆ ಇದರ ಹೊಟ್ಟೆಯೊಳಗಿನ ಸಂಗತಿ ಬೇಗ ತಿಳಿಯುತ್ತದೆ. ಇದೂ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ನನ್ನ ಹಳೆಯ ಯಂತ್ರಕ್ಕೆ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಕಾರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಚೈನ್ ನಿಂತೇ ಇರುತ್ತದೆ. ವೇಗ ಹೆಚ್ಚಿದ ಕೂಡಲೇ ಕ್ಲಚ್ಚಿನ ತೂಕಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ, ಆಗ ಚೈನ್ ಓಡುತ್ತದೆ. ಬಂಡಿಹಬ್ಬದ ಪೇಟೆಯಲ್ಲಿ ಗಿರಗಿರ ಸುತ್ತುವ ಕುದುರೆಯ ಮೇಲೆ ಕೂತರೆ ಮೈ ಹೊರಕ್ಕೆ ಜಗ್ಗುತ್ತದಲ್ಲ, ಅದೇ ತತ್ತ್ವ.

ರಿಪೇರಿಯಲ್ಲಿ ನನಗೆ ನೆರವಾಗುವುದು ನನ್ನ ಹಳೇ ಕಸುಬು. ಬಿಚ್ಚಿದ ಪ್ರತಿ ಸ್ಕ್ರೂ, ಪ್ರತಿ ವಾಶರ್ ನೋಟ್‌ಬುಕ್ಕಿನಲ್ಲಿ ಜಮೆಯಾಗುತ್ತದೆ. ಜೋಡಿಸುವಾಗ ಖರ್ಚು ಬೀಳುತ್ತದೆ. ಕೊನೆಗೆ ತಟ್ಟೆಯಲ್ಲಿ ಒಂದು ಬೋಲ್ಟ್ ಉಳಿದರೂ ಲೆಕ್ಕ ತಾಳೆಯಾಗಲಿಲ್ಲ ಎಂದೇ ಅರ್ಥ, ಮತ್ತೆ ಬಿಚ್ಚಬೇಕು. ಹೆಚ್ಚಿನ ಹಳೇ ಯಂತ್ರಗಳು ಸತ್ತಿರುವುದಿಲ್ಲ, ಸುಮ್ಮನೆ ಬಿದ್ದು ಬಿದ್ದು ಜಡವಾಗಿರುತ್ತವೆ. ಒಳಗೆ ಉಳಿದ ಪೆಟ್ರೋಲ್ ಒಣಗಿ ಅಂಟಾಗಿರುತ್ತದೆ. ಕಾರ್ಬುರೇಟರಿನೊಳಗಿನ ತೆಳ್ಳಗಿನ ಪೊರೆ ಗಟ್ಟಿಯಾಗಿರುತ್ತದೆ. ಕಿಡಿ ಹುಟ್ಟಿಸುವ ಪಾಯಿಂಟಿಗೆ ನಮ್ಮ ಕಡಲತೀರದ ಉಪ್ಪುಗಾಳಿ ತುಕ್ಕು ಹಿಡಿಸಿರುತ್ತದೆ. ಅದನ್ನು ಉಜ್ಜಿ, ನಡುವಿನ ಸಂದನ್ನು ಅರ್ಧ ಮಿಲಿಮೀಟರಿಗಿಂತ ಕಡಿಮೆ ಇಟ್ಟು ಹಗ್ಗ ಎಳೆದರೆ, ಎಷ್ಟೋ ವರ್ಷದಿಂದ ಮಾತಾಡದ ಯಂತ್ರ ಕೆಮ್ಮಿ, ಆಮೇಲೆ ಕೂಗುತ್ತದೆ. ಆ ಹೊತ್ತಿಗೆ ನಮ್ಮ ಮನೆಯವಳು ಬಾಗಿಲು ಹಾಕಿಕೊಳ್ಳುತ್ತಾಳೆ.

ಇನ್ನು ಚೈನಿನ ಕತೆ. ಯಂತ್ರ ಮೊದಲು, ಒಳ್ಳೆಯ ಹಲ್ಲು ಆಮೇಲೆ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನ ಚೈನ್‌ಸಾ ಮಾಡಿದರು. ಮರುವರ್ಷ ಎಮಿಲ್ ಲೆರ್ಪ್ ಪೆಟ್ರೋಲಿನದ್ದನ್ನು ಡೋಲ್ಮರ್ ಎಂಬ ಬೆಟ್ಟದ ಮೇಲೆ ಪರೀಕ್ಷಿಸಿದರು. ಅವು ಇಬ್ಬರು ಹಿಡಿಯಬೇಕಾದಷ್ಟು ಭಾರ, ಹಲ್ಲು ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದ ಜೋಸೆಫ್ ಬ್ಯೂಫರ್ಡ್ ಕಾಕ್ಸ್ ಎಂಬವರು ಒಂದು ಬೊಡ್ಡೆಯಲ್ಲಿ ಮರ ತಿನ್ನುವ ಹುಳುವನ್ನು ಕಂಡರು. ತೋರುಬೆರಳು ಗಾತ್ರದ ಆ ಮರಿಹುಳು ಎಳೆಯ ಜೊತೆಗೂ ಎಳೆಗೆ ಅಡ್ಡವಾಗಿಯೂ ಸಲೀಸಾಗಿ ಕೊರೆಯುತ್ತಿತ್ತು. ಅದರ ದವಡೆ ನೋಡಿದರೆ, ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿದ ಕೊಂಡಿ! ಕಾಕ್ಸ್ ಚೈನಿನ ಹಲ್ಲನ್ನೂ ಹಾಗೆಯೇ ಎಡ ಬಲ ಎಡ ಬಲ ಎಂದು ಜೋಡಿಸಿದರು. ಇವತ್ತಿನ ಚೈನುಗಳೂ ಅದೇ ರೀತಿ ಇವೆ. ನಮ್ಮ ಗೇರುಮರದ ಕಾಂಡ ಕೊರೆಯುವ ಹುಳುವನ್ನು ಬೈಯುವವರು ಈ ಕತೆ ಕೇಳಿದರೆ, ಕೊಲ್ಲುವ ಮುಂಚೆ ಅದರ ಬಾಯಿಯನ್ನೊಮ್ಮೆ ನೋಡಿಯಾರು. ನಾನು ಹಲ್ಲು ಹರಿತ ಮಾಡುವಾಗ ಉರುಟು ಕಾನಸು ಹಿಡಿದು ಮೊದಲು ಎಡದವನ್ನೆಲ್ಲ ಮುಗಿಸಿ, ಆಮೇಲೆ ಬಲದವಕ್ಕೆ ಬರುತ್ತೇನೆ.

ಈ ಯಂತ್ರ ಬರುವ ಮುಂಚೆ ನಮ್ಮಲ್ಲಿ ನಾಟಾ ಕೊಯ್ಯುತ್ತಿದ್ದದ್ದು ಇಬ್ಬರು ಆಳುಗಳು. ಎತ್ತರಕ್ಕೆ ಇಟ್ಟ ದಿಮ್ಮಿಯ ಮೇಲೆ ಒಬ್ಬ, ಕೆಳಗೆ ಒಬ್ಬ, ನಡುವೆ ಉದ್ದದ ಗರಗಸ. ಕೆಳಗಿನವನ ತಲೆ, ಹುಬ್ಬಿನ ಮೇಲೆಲ್ಲ ಹುಡಿ. ನಾನು ಚಿಕ್ಕವನಿದ್ದಾಗ ಅದನ್ನು ನೋಡುತ್ತ ನಿಂತು ಶಾಲೆಗೆ ತಡವಾಗುತ್ತಿತ್ತು. ಒಂದು ದಿಮ್ಮಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಹಾಗಾಗಿ ಯಾವ ಮರ ಬೇಕು, ಯಾವುದು ಬೇಡ ಎಂದು ಯೋಚಿಸಲು ಎಲ್ಲರಿಗೂ ಸಮಯವಿತ್ತು. ಚೈನ್‌ಸಾ ಆ ಸಮಯವನ್ನು ಕಿತ್ತುಕೊಂಡಿತು. ನನ್ನ ಮಟ್ಟಿಗೆ ಈ ಯಂತ್ರದ ದೊಡ್ಡ ಅಪಾಯ ಅದೇ.

ನಮ್ಮ ಜಿಲ್ಲೆಗೆ ಇದು ಹೊಸ ಮಾತೇನಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿಕೊಂಡರು. ಅದೇ ಅಪ್ಪಿಕೋ ಚಳವಳಿ. ನಮ್ಮ ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದವರು. ಶಾಲೆ ಕಲಿಯದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದರು. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಊರಿನಲ್ಲಿ ಚೈನ್‌ಸಾ ಇಟ್ಟುಕೊಂಡವನು ಸ್ವಲ್ಪ ತಲೆ ತಗ್ಗಿಸಿಯೇ ನಡೆಯಬೇಕು.

ಅದಕ್ಕೇ ನಾನು ಕೆಲವು ಕಟ್ಟಳೆ ಹಾಕಿಕೊಂಡಿದ್ದೇನೆ. ನನ್ನ ಯಂತ್ರ ನಿಂತ ಮರವನ್ನು ಮುಟ್ಟುವುದಿಲ್ಲ. ಬಿದ್ದ ಮರ, ಅದೂ ಅನುಮತಿ ಇದ್ದರೆ ಮಾತ್ರ. ಕೊಯ್ಯುವವನು ಕೆಲಸ ಬಲ್ಲ ಹರೆಯದ ಹುಡುಗ, ನಾನಲ್ಲ. ಎಪ್ಪತ್ತು ದಾಟಿದ ಕೈಗೆ ರಿಪೇರಿ ಸಾಕು. ಬಾರಿನ ಮೂತಿ ಮರಕ್ಕೆ ತಾಗಿದರೆ ಯಂತ್ರ ಹಿಡಿದವನ ಮುಖದ ಕಡೆಗೇ ಚಿಮ್ಮುತ್ತದೆ. ಆಗ ಚೈನನ್ನು ತಟ್ಟನೆ ನಿಲ್ಲಿಸುವ ಬ್ರೇಕ್ ನನ್ನ ಹಳೆಯದಕ್ಕೆ ಇಲ್ಲ. ವರ್ಷಗಟ್ಟಲೆ ಇಂಥದ್ದನ್ನು ಹಿಡಿದವರ ಬೆರಳು ನಡುಕಕ್ಕೆ ಬಿಳಚಿ ಜೋಮು ಹಿಡಿಯುತ್ತದೆ, ಕಿವಿ ಮಂದವಾಗುತ್ತದೆ. ಆದ್ದರಿಂದ ಹೆಲ್ಮೆಟ್, ಕಿವಿಮುಚ್ಚುಗ, ಬೂಟು ಇಲ್ಲದೆ ಹಗ್ಗ ಎಳೆಯುವಂತಿಲ್ಲ. ಮಕ್ಕಳಿಗೆ ಗೇಟಿನ ಹೊರಗೇ ಜಾಗ. ಉಳಿದ ಹೊತ್ತು ಚೈನ್ ಬಿಚ್ಚಿ ಬೀಗದೊಳಗೆ.

ಹೋದ ಮಳೆಗಾಲ ಪರಿಚಿತರ ಹಿತ್ತಲಲ್ಲಿ ಒಂದು ಸಾಗವಾನಿ ಬುಡಸಹಿತ ಉರುಳಿತು. ಅರಣ್ಯ ಇಲಾಖೆಯ ಕಾಗದವಾದ ಮೇಲೆ 070 ಅಲ್ಲಿಗೆ ಹೋಯಿತು. ಬುಡದ ಕಡೆ ರೊಟ್ಟಿಯಂಥ ಒಂದು ಬಿಲ್ಲೆ ಕೊಯ್ಯಿಸಿದೆ. ಗಡಿಯಾರ ನೋಡಿದೆ, ಒಂದು ನಿಮಿಷವೂ ಆಗಿರಲಿಲ್ಲ. ಯಂತ್ರ ನಿಂತ ಮೇಲೆ ಗೇಟಿನ ಹೊರಗಿದ್ದ ಕೇರಿಯ ಮಕ್ಕಳನ್ನು ಕರೆದು, ಬಿಲ್ಲೆಯನ್ನು ಮರಳುಕಾಗದದಿಂದ ಉಜ್ಜಲು ಹೇಳಿದೆ. ಸಾಗವಾನಿಯಲ್ಲಿ ವರ್ಷಕ್ಕೊಂದರಂತೆ ಉಂಗುರ ಚೆನ್ನಾಗಿ ಕಾಣುತ್ತದೆ. ಅವರು ಗುಂಡುಸೂಜಿ ಇಡುತ್ತ ಎಣಿಸಿದರು. 43. ಐದನೇ ತರಗತಿಯ ಹುಡುಗಿ ಕೇಳಿದಳು, “ಅಜ್ಜಾ, ಹಾಗಾದ್ರೆ ಇದು ನಮ್ಮ ಅಪ್ಪನಿಗಿಂತ ದೊಡ್ಡದಾ?” ಹೌದು, ಅವಳ ಅಪ್ಪನಿಗಿಂತ ಆರು ವರ್ಷ ದೊಡ್ಡದು. ಅವಳು ಅಪ್ಪ ಹುಟ್ಟಿದ ವರ್ಷದ ಉಂಗುರ ಹುಡುಕಿ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಆ ಬಿಲ್ಲೆ ಈಗ ನನ್ನ ಜಗುಲಿಯಲ್ಲಿದೆ. ಯಾರು ಚೈನ್‌ಸಾ ನೋಡಲು ಬಂದರೂ ಮೊದಲು ಅದನ್ನು ತೋರಿಸುತ್ತೇನೆ.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಒಂದು, 250 ಮಿಲಿಲೀಟರ್ ಪೆಟ್ರೋಲಿಗೆ ನನ್ನ 070 ಎಷ್ಟು ಎಣ್ಣೆ ಕೇಳುತ್ತದೆ, ಲೆಕ್ಕ ಹಾಕಿ. ಎರಡು, ಮನೆಯ ಅಟ್ಟದಲ್ಲಿ ಬಿದ್ದಿರುವ ಒಂದು ಹಳೇ ಸಾಮಾನನ್ನು ಅಜ್ಜನ ಹತ್ತಿರವೋ ಅಜ್ಜಿಯ ಹತ್ತಿರವೋ ಇಳಿಸಿಕೊಂಡು, ಅದರ ಹೆಸರು, ಅದು ಮಾಡುತ್ತಿದ್ದ ಕೆಲಸ ಕೇಳಿ ಬರೆದಿಡಿ. ಅಟ್ಟ ಹತ್ತುವುದು ಮಾತ್ರ ದೊಡ್ಡವರು ಜೊತೆಗಿದ್ದಾಗ.